ಐದು ಅಕ್ಷದ ಯಂತ್ರ, ಬಾಯಿ ಬಾರದ ಉಷಿಯಾಮಾ

ಉಷಿಯಾಮಾ ತೊಕುಜಿ ಅವರು ಹುಟ್ಟಿದಾಗಿನಿಂದ ಯಾರಿಗೂ ‘ಬೇಡ’ ಎಂದವರಲ್ಲ. ಇದಕ್ಕೆ ಸಾಕ್ಷಿ ಅವರ ತಲೆಯ ಮೇಲೇ ಇತ್ತು. ನಮ್ಮೂರು ಓಕಾಯಾದ ರೈಲು ನಿಲ್ದಾಣದ ಎದುರಿನ ಕ್ಷೌರಿಕ ಒಮ್ಮೆ ಅವರನ್ನು ಬೇರೆ ಯಾರೋ ಎಂದುಕೊಂಡು ಕೂದಲಿಗೆ ಗುಂಗುರು ಹಿಡಿಸತೊಡಗಿದ. ಇವರು ಕನ್ನಡಿಯಲ್ಲಿ ಎಲ್ಲವನ್ನೂ ನೋಡುತ್ತಲೇ ಇದ್ದರು. “ಸ್ವಲ್ಪ...” ಎಂದರಂತೆ. ನಮ್ಮ ಕಡೆ ‘ಬೇಡ’ ಎನ್ನಲಾಗದವರು ಹೀಗೇ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಸ್ವಲ್ಪ ಏನು ಎಂದು ಅವನು ಕೇಳಲಿಲ್ಲ, ಇವರೂ ಹೇಳಲಿಲ್ಲ. ಮುಂದಿನ ಸಲ ಅವನು ಕೇಳದೆಯೇ ಗುಂಗುರು ಹಿಡಿಸಿದ. ಅಂಗಡಿ ಬದಲಿಸಿದರೆ ಪಾಪ ಅವನಿಗೆ ಬೇಜಾರಾದೀತು ಎಂದು ಇವರು ಅಲ್ಲಿಗೇ ಹೋಗುತ್ತಿದ್ದರು. ಹೀಗಾಗಿ ನಮ್ಮ ಕಾರ್ಖಾನೆಯ ಅತ್ಯಂತ ಸಂಕೋಚದ ಮನುಷ್ಯ ಇಪ್ಪತ್ತು ವರ್ಷ ಕ್ಲಬ್ಬಿನ ಹಾಡುಗಾರನ ತಲೆ ಹೊತ್ತು ಓಡಾಡಿದರು.

ಮದುವೆಯೂ ಹೀಗೇ ಆಯಿತು ಎನ್ನುತ್ತಾರೆ ಅವರ ಹೆಂಡತಿ ಸೆತ್ಸುಕೊ. ಬಸ್ ನಿಲ್ದಾಣದಲ್ಲಿ ಆಕೆಯೇ ಧೈರ್ಯ ಮಾಡಿ, ನಾವಿಬ್ಬರೂ ಮದುವೆಯಾಗೋಣವೇ ಎಂದು ಕೇಳಿದರು. ಇವರು “ಸ್ವಲ್ಪ...” ಎಂದು ರಸ್ತೆಯ ಕಡೆ ಕೈ ಮಾಡಿದರು. ಆಕೆ ಅದನ್ನೇ ಒಪ್ಪಿಗೆ ಎಂದುಕೊಂಡರು.

“ಬಸ್ ಬಂತು, ಹೋಗ್ಬೇಕು ಅಂತ ಹೇಳೋಕೆ ಹೊರಟಿದ್ರಂತೆ ಪುಣ್ಯಾತ್ಮ,” ಎಂದು ಸೆತ್ಸುಕೊ ಈಗಲೂ ನಗುತ್ತಾರೆ. “ಬಸ್ಸೂ ತಪ್ಪಿಹೋಯ್ತು, ನಾನೂ ಗಂಟುಬಿದ್ದೆ.”

ನಾನು ಮಿಯಾಸಾಕಾ ಫುಮಿಕೊ. ಸುವಾ ಸರೋವರದ ದಡದ ಓಗುಚಿ ಕಾರ್ಖಾನೆಯಲ್ಲಿ ಅಳತೆ ಕೋಣೆ ನನ್ನದು. ನಾವು ಮಾಡುವುದು ಚಿಕ್ಕ ಚಿಕ್ಕ ಬಿಡಿಭಾಗಗಳು. ಎಷ್ಟು ಚಿಕ್ಕವೆಂದರೆ, ಸೀನು ಬಂದರೆ ಮುಖ ತಿರುಗಿಸಿಕೊಂಡು ಸೀನಬೇಕು, ಇಲ್ಲದಿದ್ದರೆ ಅರ್ಧ ದಿನದ ಉತ್ಪಾದನೆ ಹಾರಿಹೋಗುತ್ತದೆ. ಉಷಿಯಾಮಾ-ಸಾನ್ (ನಮ್ಮಲ್ಲಿ ಗೌರವಕ್ಕೆ ಹೆಸರಿನ ಜೊತೆ ‘ಸಾನ್’ ಸೇರಿಸುತ್ತೇವೆ) ಅಲ್ಲಿ ಹೊಸ ಯಂತ್ರಗಳನ್ನು ಪರೀಕ್ಷಿಸಿ ಇದು ಬೇಕು, ಇದು ಬೇಡ ಎಂದು ಹೇಳುವ ವಿಭಾಗದ ಮುಖ್ಯಸ್ಥರು. ಬೇಡ ಎನ್ನಲು ಬಾರದ ಮನುಷ್ಯನಿಗೆ ಈ ಕೆಲಸ ಕೊಟ್ಟ ಮಹಾನುಭಾವ ಯಾರೋ ನನಗೆ ಗೊತ್ತಿಲ್ಲ. ಆದರೆ ಕೆಲಸವೇನೂ ನಿಂತಿರಲಿಲ್ಲ. ಯಾಕೆಂದರೆ ಯಾವ ಯಂತ್ರ ಕೊಳ್ಳಬೇಕೆಂದು ಕಂಪನಿಯ ಅಧ್ಯಕ್ಷರು ಮೊದಲೇ ಗಾಲ್ಫ್ ಮೈದಾನದಲ್ಲಿ ತೀರ್ಮಾನಿಸಿ ಬರುತ್ತಿದ್ದರು. ಆಮೇಲೆ ಉಷಿಯಾಮಾ-ಸಾನ್ ತಿಂಗಳುಗಟ್ಟಲೆ ಪರೀಕ್ಷಿಸಿ, ದಪ್ಪನೆಯ ವರದಿ ಬರೆದು, ಅಧ್ಯಕ್ಷರ ತೀರ್ಮಾನ ಸರಿಯೆಂದು ಕಂಡುಹಿಡಿಯುತ್ತಿದ್ದರು.

ಐದು ಅಕ್ಷದ ಯಂತ್ರದ ವಿಷಯ ಮಾತ್ರ ಹಾಗಲ್ಲ. ಅದು ಅವರೇ ಬೇಕೆಂದು ಕೇಳಿದ ಮೊದಲನೆಯ ಯಂತ್ರ.

ಕೇಳುವುದಕ್ಕೆ ಕಾರಣವಿತ್ತು. ನಮ್ಮ ಎರಡನೇ ಶೆಡ್ಡಿನ ಕೆಲಸವೆಲ್ಲ ಒಂದೊಂದಾಗಿ ಥಾಯ್ಲೆಂಡಿನ ಶಾಖೆಗೆ ಹೋಗಿತ್ತು. ಉಳಿದದ್ದು ಒಂದೇ, ಕಣ್ಣಿನ ಶಸ್ತ್ರಚಿಕಿತ್ಸೆಯ ಉಪಕರಣಕ್ಕೆ ಬೇಕಾದ ಒಂದು ತುದಿ. ಅಕ್ಕಿಕಾಳಿಗಿಂತ ಸಣ್ಣದು, ಅದರಲ್ಲಿ ಓರೆ ಓರೆಯಾದ ರಂಧ್ರಗಳು. ಹಳೆಯ ಯಂತ್ರಗಳಲ್ಲಿ ಅದನ್ನು ಬಿಚ್ಚಿ, ತಿರುಗಿಸಿ, ಮತ್ತೆ ಮತ್ತೆ ಹಿಡಿಸಬೇಕಿತ್ತು. ಹಿಡಿಸಿದಷ್ಟು ಸಲವೂ ಒಂದಿಷ್ಟು ತಪ್ಪು ಸೇರಿಕೊಳ್ಳುತ್ತಿತ್ತು. ಹೊಸ ಯಂತ್ರದಲ್ಲಿ ಉಳಿ ಮೂರು ದಿಕ್ಕಿಗೆ ಚಲಿಸುವುದಲ್ಲದೆ ಕೆಳಗಿನ ಮೇಜೂ ವಾಲುತ್ತದೆ, ತಿರುಗುತ್ತದೆ. ಒಮ್ಮೆ ಹಿಡಿಸಿದರೆ ಮುಗಿಯಿತು. ಅದು ಬಂದರೆ ಕಣ್ಣಿನ ಕೆಲಸ ನಮ್ಮಲ್ಲೇ ಉಳಿಯುತ್ತದೆ, ಶೆಡ್ಡು ಉಳಿಯುತ್ತದೆ. ಬಾರದಿದ್ದರೆ ಶೆಡ್ಡಿಗೆ ಬೀಗ, ಅಲ್ಲಿನವರೆಲ್ಲ ಗೋದಾಮಿನಲ್ಲಿ ಪೆಟ್ಟಿಗೆ ಹೊರಬೇಕು. ಉಷಿಯಾಮಾ-ಸಾನ್‌ಗೆ ಮಾರ್ಚ್ ಕೊನೆಗೆ ನಿವೃತ್ತಿ. ಶಾಲೆ ಮುಗಿಸಿ ಬಂದು ಅವರು ಮೊದಲು ಕೆಲಸಕ್ಕೆ ನಿಂತದ್ದು ಆ ಶೆಡ್ಡಿನಲ್ಲೇ. ತಾವು ಹೋದ ಮೇಲೂ ಅಲ್ಲಿ ದೀಪ ಉರಿಯುತ್ತಿರಬೇಕು ಎಂಬುದೊಂದೇ ಅವರ ಆಸೆ. ಅದನ್ನೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ನಮಗೆಲ್ಲ ಗೊತ್ತಿತ್ತು.

ಯಂತ್ರ ಜನವರಿಯಲ್ಲಿ ಬಂತು, ಪರೀಕ್ಷೆಯ ಮೇಲೆ. ಒಪ್ಪಿಗೆಯಾದರೆ ನಮ್ಮದು, ಇಲ್ಲವಾದರೆ ವಾಪಸ್. ಅದಕ್ಕೆಂದೇ ಶೆಡ್ಡಿನ ಒಂದು ಮೂಲೆಯಲ್ಲಿ ಗಾಜಿನ ಕಿಟಕಿಯ ಪುಟ್ಟ ಕೋಣೆ ಕಟ್ಟಿ, ಒಳಗೆ ಹಗಲೂ ರಾತ್ರಿ ಇಪ್ಪತ್ತು ಡಿಗ್ರಿ ಇರುವಂತೆ ಮಾಡಿದ್ದರು. ಲೋಹಕ್ಕೆ ಸ್ವಲ್ಪ ಬಿಸಿ ತಾಗಿದರೂ ಹಿಗ್ಗುತ್ತದೆ. ಕೂದಲೆಳೆಯನ್ನು ಉದ್ದಕ್ಕೆ ನಲವತ್ತು ಸೀಳು ಮಾಡಿದರೆ ಒಂದು ಸೀಳಿನಷ್ಟು ವ್ಯತ್ಯಾಸವೂ ಸಲ್ಲದ ಕೆಲಸ ಅದು.

ಬೆಳಗ್ಗೆ ಸೈರನ್ ಆಗುವ ಮುಂಚೆ, ಯಾರೂ ಇಲ್ಲದಾಗ, ಉಷಿಯಾಮಾ-ಸಾನ್ ಮತ್ತು ಯಂತ್ರ ನಡೆಸುವ ಹಾಮಾ ಇಬ್ಬರೇ ಸೇರಿ ತುದಿಗಳನ್ನು ಕೊರೆಯುತ್ತಿದ್ದರು. ಹಾಮಾ ನಲವತ್ತು ದಾಟಿದ ದೊಡ್ಡಾಳು, ಮಾತಿನಲ್ಲಿ ಅವರಿಗಿಂತಲೂ ಬಡವ. ಕೊರೆದದ್ದನ್ನು ನನಗೆ ತಂದುಕೊಡುತ್ತಿದ್ದರು. ನಾನು ಅಳೆದು ನೋಡಿ “ಸರಿ ಇದೆ” ಎಂದರೆ ಉಷಿಯಾಮಾ-ಸಾನ್ “ಸ್ವಲ್ಪ...” ಎಂದು ನಗುತ್ತಿದ್ದರು. ಇಷ್ಟು ವರ್ಷದ ಒಡನಾಟದಲ್ಲಿ ಅವರ ಸ್ವಲ್ಪಗಳ ನಡುವಿನ ವ್ಯತ್ಯಾಸ ನನಗೆ ತಿಳಿದಿತ್ತು. ಅದು ‘ತುಂಬಾ ಚೆನ್ನಾಗಿದೆ’ ಎನ್ನುವ ಸ್ವಲ್ಪ. ದಿನವೂ ಸರಿ, ವಾರವೂ ಸರಿ, ಒಂದು ತುದಿಯೂ ತಪ್ಪಲಿಲ್ಲ.

ಆದರೆ ನಮ್ಮಲ್ಲಿ ಯಂತ್ರ ಪಾಸಾಗುವುದು ಹಾಗಲ್ಲ. ಅಧ್ಯಕ್ಷ ಓಗುಚಿಯವರ ಅಜ್ಜ ಬರೆಸಿದ ಫಲಕವೊಂದು ಕಾರ್ಖಾನೆಯ ಬಾಗಿಲಲ್ಲೇ ಇದೆ: ‘ಸ್ಥಳಕ್ಕೆ ಹೋಗು, ಕಣ್ಣಾರೆ ನೋಡು.’ ಅಜ್ಜ ಇದನ್ನು ಸೋಮಾರಿ ಮೇಸ್ತ್ರಿಗಳಿಗಾಗಿ ಬರೆಸಿದ್ದಿರಬೇಕು. ಮೊಮ್ಮಗನ ಕಾಲಕ್ಕೆ ಅದು ವ್ರತವಾಗಿತ್ತು. ಯಾವುದೇ ಯಂತ್ರಕ್ಕೆ ಸಮಕ್ಷಮ ಪರೀಕ್ಷೆ, ಅಂದರೆ ಹಿರಿಯರೆಲ್ಲರ ಕಣ್ಣೆದುರಿಗೇ ನಡೆಯುವ ಪರೀಕ್ಷೆ, ಆಗಲೇಬೇಕು. ಅಧ್ಯಕ್ಷರು ಬರುತ್ತಾರೆಂದ ಮೇಲೆ ನಿರ್ದೇಶಕರು ಬಾರದಿದ್ದರೆ ಅಗೌರವ. ನಿರ್ದೇಶಕರು ಬಂದ ಮೇಲೆ ವಿಭಾಗದ ಮುಖ್ಯಸ್ಥರು ತಮ್ಮ ಕುರ್ಚಿಯಲ್ಲೇ ಕೂತರೆ ಅದು ಇನ್ನೂ ಕೆಟ್ಟದು. ಬಿಡಿಭಾಗದ ಬಗ್ಗೆ ಏನೂ ಗೊತ್ತಿಲ್ಲದ ಸಿಬ್ಬಂದಿ ವಿಭಾಗದವರು, ಎಲ್ಲ ಗೊತ್ತಿರುವಂತೆ ತಲೆಯಾಡಿಸುವ ಕಾರ್ಮಿಕ ಸಂಘದವರು, ಬ್ಯಾಂಕಿನ ಶಾಖೆಯವರು, ಕಂಪನಿಯ ಪತ್ರಿಕೆಗೆ ಫೋಟೋ ತೆಗೆಯುವವನು, ಎಲ್ಲರೂ ಬರಬೇಕು.

ಮೊದಲ ಸಮಕ್ಷಮ ಪರೀಕ್ಷೆ ಫೆಬ್ರವರಿಯ ಚಳಿಯಲ್ಲಿ ನಡೆಯಿತು. ಸರೋವರ ಹೆಪ್ಪುಗಟ್ಟಿತ್ತು. ಬಂದವರೆಲ್ಲ ಒಳಅಂಗಿಗೆ ದಿನವಿಡೀ ಶಾಖ ಕೊಡುವ ಬಿಸಿ ಪಟ್ಟಿ ಅಂಟಿಸಿಕೊಂಡು ಬಂದಿದ್ದರು, ಕೆಲವರು ಹೊಟ್ಟೆಗೊಂದು ಬೆನ್ನಿಗೊಂದು. ಬಾಗಿಲಲ್ಲಿ ಬೂಟು ಬಿಚ್ಚಿ, ಚಪ್ಪಲಿ ಮೆಟ್ಟಿ, ಹಿರಿತನದ ಪ್ರಕಾರ ಒಳಗೆ ಬಂದು ನಿಂತರು. ಕೋಣೆಯಲ್ಲಿ ಯಂತ್ರಕ್ಕೂ ಗೋಡೆಗೂ ನಡುವೆ ಕಾಲಿಡಲು ಜಾಗವಿರಲಿಲ್ಲ. ಫೋಟೋದವನು ಎರಡು ದೊಡ್ಡ ದೀಪ ಹೊತ್ತಿಸಿದ. ಯಂತ್ರ ಮಾರುವ ಕಂಪನಿಯ ಕುರಿಹಾರಾ ಎಂಬ ತೆಳ್ಳಗಿನ ಮನುಷ್ಯ ಮೂಲೆಯಲ್ಲಿ ನಿಂತು, ಯಾರು ನೋಡಿದರೂ ತಲೆ ಬಾಗಿಸುತ್ತಿದ್ದ.

ಹಾಮಾ ಗುಂಡಿ ಒತ್ತಿದ. ಯಂತ್ರ ಸಣ್ಣಗೆ ಗುಂಯ್‌ಗುಟ್ಟಿತು. ಗೋಡೆಯ ಮೇಲೆ ತಾಪಮಾಪಕವಿತ್ತು. ಅದರ ಕೆಂಪು ಗೆರೆ ಅಧ್ಯಕ್ಷರ ಕಿವಿಯ ಪಕ್ಕದಲ್ಲಿ ಮೆಲ್ಲಗೆ ಮೇಲೇರುವುದನ್ನು ನಾನು ಕಂಡೆ. ಉಷಿಯಾಮಾ-ಸಾನ್ ಕಂಡರು. ಗುಣಮಟ್ಟ ವಿಭಾಗದ ಮುಖ್ಯಸ್ಥರು ಕಂಡು ತಕ್ಷಣ ತಮ್ಮ ಚಪ್ಪಲಿಯ ಕಡೆ ದೃಷ್ಟಿ ಹಾಯಿಸಿದರು. ಆಮೇಲೆ ಅಧ್ಯಕ್ಷರು ಸ್ವಲ್ಪ ಎಡಕ್ಕೆ ಸರಿದು ತಲೆಯಿಂದ ಅದನ್ನು ಮುಚ್ಚಿಬಿಟ್ಟರು. ಎಲ್ಲರಿಗೂ ನೆಮ್ಮದಿಯಾಯಿತು.

ತುದಿ ನನ್ನ ಕೋಣೆಗೆ ಬಂತು. ಅಳೆಯುವ ಮೊದಲು ಅದು ಕಲ್ಲಿನ ಮೇಲೆ ಇಪ್ಪತ್ತು ಡಿಗ್ರಿಗೆ ಇಳಿಯುವವರೆಗೆ ಮಲಗಿರಬೇಕು. ಅಧ್ಯಕ್ಷರು ಬಾಗಿಲಲ್ಲಿ ಇಣುಕಿದರು.

“ಇನ್ನೂ ಎದ್ದಿಲ್ವಾ ಅದು?”

“ಇನ್ನೊಂಚೂರು ಮಲಗ್ಲಿ, ಸಾರ್.”

“ನಮ್ಮ ಮಗನ ಥರಾನೇ ಆಯ್ತು,” ಎಂದರು. ಹಿಂದಿದ್ದವರೆಲ್ಲ ಅವರವರ ಹುದ್ದೆಗೆ ತಕ್ಕಷ್ಟು ನಕ್ಕರು.

ಅಳೆದೆ. ರಂಧ್ರ ಪಕ್ಕಕ್ಕೆ ಸರಿದಿತ್ತು. ಮಿತಿ ಮೀರಿದೆ ಎಂದೆ. ಕುರಿಹಾರಾ ಬಾಗಿದವನು ಮೇಲೇಳಲೇ ಇಲ್ಲ.

ಮಧ್ಯಾಹ್ನವೇ ಕಾರಣ ಹುಡುಕುವ ಸಭೆ ಸೇರಿತು. ನಮ್ಮಲ್ಲಿ ಯಾವುದೇ ತಪ್ಪಿಗೆ ‘ಏಕೆ’ ಎಂದು ಐದು ಸಲ ಕೇಳಬೇಕು, ಐದನೆಯದಕ್ಕೆ ಮೂಲ ಕಾರಣ ಸಿಕ್ಕಿಬೀಳುತ್ತದೆ ಎಂಬ ನಂಬಿಕೆ. ಕಾರ್ಖಾನೆಯ ಮುಖ್ಯಸ್ಥರು ಬಿಳಿ ಹಲಗೆಯ ಮುಂದೆ ನಿಂತು ಕೇಳುತ್ತ ಹೋದರು. ರಂಧ್ರ ಏಕೆ ಸರಿಯಿತು? ಮೇಜು ಸರಿಯಿತು. ಮೇಜು ಏಕೆ ಸರಿಯಿತು? ಬಿಸಿಯಾಯಿತು. ಏಕೆ ಬಿಸಿಯಾಯಿತು? ಕೋಣೆ ಬಿಸಿಯಾಯಿತು. ಕೋಣೆ ಏಕೆ ಬಿಸಿಯಾಯಿತು?

ಅಲ್ಲಿಗೆ ಬಂದಾಗ ಎಲ್ಲರಿಗೂ ಚಹಾ ಕುಡಿಯಬೇಕೆನಿಸಿತು. ಆ ಮೇಜಿನ ಸುತ್ತ ಕೂತವರು ಓದಿದವರು, ಯಂತ್ರದ ಜೊತೆ ಬಾಳಿದವರು. ಉತ್ತರ ಗೊತ್ತಿಲ್ಲದವನು ಒಬ್ಬನೂ ಇರಲಿಲ್ಲ. ನನಗೂ ಗೊತ್ತಿತ್ತು, ನಾನೂ ಹೇಳಲಿಲ್ಲ. ಅಧ್ಯಕ್ಷರೇ, ನೀವು ಬಿಸಿಯಾಗಿದ್ದೀರಿ ಎಂದು ಹೇಳುವುದು ಹೇಗೆ? ಚಹಾ ಮುಗಿಸಿ ಬಂದವರು ‘ಏಕೆ’ಗಳನ್ನು ಒರೆಸಿ ಬೇರೆ ಕಡೆಯಿಂದ ಶುರುಮಾಡಿದರು. ಕೊನೆಗೆ ಸಿಕ್ಕ ಮೂಲ ಕಾರಣ ಇದು: ‘ಎಲ್ಲರಲ್ಲೂ ಗಂಭೀರತೆ ಸಾಲದು.’ ಪರಿಹಾರ: ಮುಂದಿನ ಪರೀಕ್ಷೆಗೆ ಇನ್ನೂ ಹೆಚ್ಚು ಜನ ಬರುವುದು.

ಸಭೆಯಿಂದ ಹೊರಬಂದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

“ನೀವಾದ್ರೂ ಹೇಳ್ಬಾರ್ದಿತ್ತಾ, ಉಷಿಯಾಮಾ-ಸಾನ್?”

“ಸ್ವಲ್ಪ...” ಎಂದರು. ಇದು ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡವರ ಸ್ವಲ್ಪ.

ಎರಡನೇ ಪರೀಕ್ಷೆಗೆ ಅವರು ಬಾಯಿ ಬಳಸದೆ ಗೆಲ್ಲಲು ನೋಡಿದರು. ಕಿಟಕಿಯ ಹೊರಗೆ ಕುರ್ಚಿಗಳನ್ನು ಸಾಲಾಗಿ ಹಾಕಿಸಿ, ಮೆತ್ತನೆಯ ದಿಂಬು ಇಡಿಸಿ, ಬಾಗಿಲಿಗೆ ಅಂದವಾಗಿ ಬರೆದ ಚೀಟಿ ಅಂಟಿಸಿದರು: ‘ದಯವಿಟ್ಟು ಒಳಗೆ ಐವರಿಗಿಂತ ಹೆಚ್ಚು ಜನ ಬೇಡ.’ ಬಂದವರೆಲ್ಲ ಚೀಟಿಯನ್ನು ಓದಿದರು, ಒಳ್ಳೆಯ ವ್ಯವಸ್ಥೆ ಎಂದು ಹೊಗಳಿದರು, ಒಳಗೆ ಹೋದರು. ಆ ಐವರಲ್ಲಿ ತಾನೂ ಒಬ್ಬನೆಂದು ಪ್ರತಿಯೊಬ್ಬನಿಗೂ ಖಾತ್ರಿಯಿತ್ತು. ಆರನೆಯವನಾಗಿ ಹೊರಗೆ ಉಳಿದರೆ ಅದು ನಾಳೆ ಇಡೀ ಓಕಾಯಾಕ್ಕೆ ಗೊತ್ತಾಗುವ ಹಿಂಬಡ್ತಿ. ಕೆಲವರು ಹೊರಗಿನ ದಿಂಬನ್ನೂ ಎತ್ತಿಕೊಂಡು ಹೋದರು. ಯಂತ್ರಕ್ಕೆ ಏನೋ ದೋಷ ತಗುಲಿರಬೇಕೆಂದು ಅಧ್ಯಕ್ಷರು ಈ ಸಲ ದೇವಾಲಯದ ಪುರೋಹಿತರನ್ನೂ ಕರೆಸಿದ್ದರು. ಅವರು ಬಿಳಿ ಕಾಗದದ ಕುಂಚ ಬೀಸಿ ಶುದ್ಧಿ ಮಾಡಿದರು.

ಚೀಟಿಗೆ ಮರ್ಯಾದೆ ಕೊಟ್ಟು ಹೊರಗೆ ಹೋದವನು ಒಬ್ಬನೇ, ಹಾಮಾ. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಕೆಳಗಿನವನು ಅವನೇ ತಾನೇ? ಒಳಗೆ ಎಲ್ಲರೂ ಗಂಭೀರವಾಗಿ ಯಂತ್ರ ನೋಡುತ್ತ ನಿಂತರು. ಎಷ್ಟೋ ಹೊತ್ತಿನ ಮೇಲೆ ಅಧ್ಯಕ್ಷರು, “ಇದನ್ನ ನಡೆಸೋರು ಯಾರು?” ಎಂದು ಕೇಳಿದರು. ನಡೆಸುವವನು ಹೊರಗೆ ದಿಂಬಿಲ್ಲದ ಕುರ್ಚಿಯ ಪಕ್ಕ ಕೈಕಟ್ಟಿ ನಿಂತಿದ್ದ. ಅವನನ್ನು ಒಳಗೆ ತುರುಕಿದರು. ತುದಿ ಮೊದಲನೆಯದಕ್ಕಿಂತಲೂ ಕೆಟ್ಟದಾಗಿ ಬಂತು.

ಮೂರನೆಯದೇ ಕೊನೆ ಎಂದರು ಅಧ್ಯಕ್ಷರು. ಅದೂ ತಪ್ಪಿದರೆ ಯಂತ್ರ ವಾಪಸ್, ಶೆಡ್ಡು ಬಂದ್. ಸಿಬ್ಬಂದಿ ವಿಭಾಗದವರು ಎಂಥ ಚುರುಕು ಜನ ನೋಡಿ, ಆ ವಾರವೇ ಶೆಡ್ಡಿನವರಿಗೆ ಗೋದಾಮಿನ ಬೂಟು ಹಂಚಿಬಿಟ್ಟರು. ಬೆರಳ ತುದಿಯಲ್ಲಿ ಅಕ್ಕಿಕಾಳು ಹಿಡಿದು ಬದುಕಿದ ಹಾಮಾನಿಗೆ, ಮುಂಗಾಲಿಗೆ ಕಬ್ಬಿಣದ ತಗಡಿದ್ದ ದಪ್ಪ ಬೂಟು. ಕಾಲಿಗೆ ಹದವಾಗಲೆಂದು ಅವನು ಅದನ್ನು ಆಗಲೇ ಹಾಕಿಕೊಂಡು ಬರತೊಡಗಿದ. ಆ ಬೂಟಿನ ಶಬ್ದ ಕೇಳಿದಾಗಲೆಲ್ಲ ಉಷಿಯಾಮಾ-ಸಾನ್ ಕೆಲಸ ನಿಲ್ಲಿಸಿ ಬಾಗಿಲ ಕಡೆ ತಿರುಗುತ್ತಿದ್ದರು.

ಆ ಭಾನುವಾರ ನಾನು ಅವರ ಮನೆಗೆ ಹೋಗಿದ್ದೆ. ಉಷಿಯಾಮಾ-ಸಾನ್ ಅಂಗಳದಲ್ಲಿ ಹಿಮ ಬಾಚುತ್ತಿದ್ದರು. ಸೆತ್ಸುಕೊ ಚಹಾದ ಜೊತೆ ನೊಜಾವಾನಾ ಸೊಪ್ಪಿನ ಉಪ್ಪಿನಕಾಯಿ ಇಟ್ಟು ದನಿ ತಗ್ಗಿಸಿದರು.

“ನಿನ್ನೆ ಅಭ್ಯಾಸ ಮಾಡಿಸ್ದೆ ಕಣ್ರೀ. ಅವರ ಕೋಟು ಹಾಕ್ಕೊಂಡು, ಹೊಟ್ಟೆಗೆ ದಿಂಬು ಕಟ್ಕೊಂಡು ಕೂತೆ. ‘ನಾನೇ ಅಧ್ಯಕ್ಷ. ಹೊರಗೆ ಹೋಗಿ ಅಂತ ಹೇಳಿ ನೋಡೋಣ’ ಅಂದೆ.”

“ಹೇಳಿದ್ರಾ?”

“ಎಲ್ಲಿ! ನೆಲಕ್ಕೆ ಹಣೆ ತಾಗೋ ಹಾಗೆ ಬಗ್ಗಿ ‘ಸ್ವಲ್ಪ...’ ಅಂದ್ರು. ಸ್ವಲ್ಪ ಏನು ಅಂತ ಗದರಿಸ್ದೆ. ‘ಸ್ವಲ್ಪ ಬಿಸಿ...’ ಅಂದ್ರು. ಅಲ್ರೀ, ಹಾಗಂದ್ರೆ ಅಧ್ಯಕ್ಷರು ಚಹಾ ಬಗ್ಗೆ ಹೇಳ್ತಿದಾನೆ ಅಂದ್ಕೋತಾರಷ್ಟೆ. ನಂಗೆ ಸಿಟ್ಟು ಬಂತು. ಹೋಗ್ಲಿ, ಅಧ್ಯಕ್ಷರು ಬೇಡ, ಹೆಂಡ್ತಿಗೇ ಹೇಳಿ, ‘ಹೊರಗೆ ಹೋಗು’ ಅನ್ನಿ ಒಂದ್ಸಲ ಅಂದೆ.”

“ಆಮೇಲೆ?”

“ನನ್ನ ಮುಖ ನೋಡಿದ್ರು. ಕಿಟಕಿ ನೋಡಿದ್ರು. ‘ಈ ಚಳೀಲಿ ಎಲ್ಲಿಗೆ ಹೋಗ್ತೀಯ?’ ಅಂದ್ರು.”

ಸೆತ್ಸುಕೊ ನಗುತ್ತಲೇ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಇಂಥ ಮನುಷ್ಯನ ಬಾಯಿಂದ ಆ ಮಾತು ಬಂದ ಹಾಗೇ ಎಂದುಕೊಂಡು ಮನೆಗೆ ಬಂದೆ.

ಮೂರನೇ ಪರೀಕ್ಷೆಯ ದಿನ ಬಾಗಿಲಲ್ಲಿ ಬೂಟುಗಳ ಸಾಲು ಇನ್ನೂ ಉದ್ದವಿತ್ತು. ಎಲ್ಲ ಕಪ್ಪು, ಎಲ್ಲ ಮಿರಮಿರ ಮಿಂಚುತ್ತಿದ್ದವು, ಹಿರಿತನದ ಪ್ರಕಾರವೇ ನಿಂತಿದ್ದವು. ಸಾಲಿನ ತುದಿಯಲ್ಲಿ ಹಾಮಾನ ಗೋದಾಮಿನ ಬೂಟು. ಎಲ್ಲರೂ ಒಳಗೆ ಹೋದ ಮೇಲೂ ಉಷಿಯಾಮಾ-ಸಾನ್ ಬಾಗಿಲಲ್ಲೇ ನಿಂತು ಆ ಬೂಟನ್ನು ನೋಡುತ್ತಿದ್ದರು. ಒಂದು ಬೂಟು ಓರೆಯಾಗಿತ್ತು. ಬಗ್ಗಿ ಅದನ್ನು ನೇರ ಮಾಡಿ ಒಳಗೆ ಬಂದರು.

ಹಾಮಾ ಗುಂಡಿಯ ಮೇಲೆ ಬೆರಳಿಟ್ಟಿದ್ದ. ಫೋಟೋದವನು ದೀಪ ಹೊತ್ತಿಸಿದ್ದ.

“ಶುರು ಮಾಡಪ್ಪ,” ಎಂದರು ಅಧ್ಯಕ್ಷರು.

“ಬೇಡ,” ಎಂದರು ಉಷಿಯಾಮಾ-ಸಾನ್.

ಯಾರು ಹೇಳಿದ್ದೆಂದು ಎಲ್ಲರೂ ಹಿಂತಿರುಗಿ ನೋಡಿದರು. ಅವರು ಸೊಂಟದಿಂದ ಬಗ್ಗಿ ನೆಲವನ್ನೇ ನೋಡುತ್ತಿದ್ದರು, ಗುಂಗುರು ಕೂದಲು ಅಲುಗುತ್ತಿತ್ತು.

“ಎಲ್ಲರೂ ಹೊರಗೆ ಹೋಗಿ. ಅಧ್ಯಕ್ಷರೇ, ನೀವೂ ಹೊರಗೆ ಹೋಗಿ.”

ಕುರಿಹಾರಾ ಗೋಡೆ ಹಿಡಿದುಕೊಂಡ. ನಿರ್ದೇಶಕರೊಬ್ಬರು, “ಏನ್ರೀ ಇದು, ಮೈಮೇಲೆ ಪ್ರಜ್ಞೆ ಇದೆಯೇನ್ರೀ?” ಎಂದು ಗದರಿಸಿದರು.

ಅಧ್ಯಕ್ಷರು ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು. “ಯಾಕೆ?” ಎಂದರು.

ನೋಡಿ, ಇಷ್ಟು ದಿನ ಬಿಳಿ ಹಲಗೆಯ ಮೇಲೆ ಕೇಳಿದ್ದ ‘ಏಕೆ’ಗಳಲ್ಲಿ ನಿಜವಾಗಿ ಕೇಳಿದ್ದು ಇದೊಂದೇ. ಉಷಿಯಾಮಾ-ಸಾನ್ ನೆಲಕ್ಕೇ ಉತ್ತರ ಹೇಳಿದರು.

“ಮನುಷ್ಯ ಅಂದ್ರೆ ಒಂದು ನೂರು ವಾಟಿನ ಬಲ್ಬು, ಸಾರ್. ಸುಮ್ನೆ ನಿಂತಿದ್ರೂ ಅಷ್ಟು ಶಾಖ ಬರುತ್ತೆ. ಇಷ್ಟು ಬಲ್ಬು ಹಚ್ಚಿದ್ರೆ ಯಂತ್ರ ಏನ್ ಮಾಡುತ್ತೆ? ಯಂತ್ರದ್ದೇನೂ ತಪ್ಪಿಲ್ಲ. ನಮ್ದೇ ತಪ್ಪು.”

ಅಧ್ಯಕ್ಷರ ಮುಖ ಕೆಂಪಾಗುತ್ತ ಬಂತು. ಶೆಡ್ಡಿನ ಕತೆ ಮುಗಿಯಿತೆಂದು ನಾನು ಕಣ್ಣು ಮುಚ್ಚಿಕೊಂಡೆ.

“ಎಲ್ಲರದ್ದೂ ನೂರೇನಾ?” ಎಂದರು ಕೊನೆಗೆ.

“ಹೌದು, ಸಾರ್.”

“ನಂದೂ ನೂರೇ? ಈ ಖರೀದಿ ವಿಭಾಗದವನದ್ದೂ ನೂರೇ?”

ಆಗ ಅರ್ಥವಾಯಿತು ನನಗೆ. ಅವರಿಗೆ ಬೇಸರವಾದದ್ದು ಹೊರಗೆ ಹೋಗಿ ಎಂದದ್ದಕ್ಕಲ್ಲ. ಉಷಿಯಾಮಾ-ಸಾನ್ ತಲೆಯೆತ್ತಿ, ಯಂತ್ರವನ್ನು ಪರೀಕ್ಷಿಸುವಷ್ಟೇ ಪ್ರಾಮಾಣಿಕವಾಗಿ ಅಧ್ಯಕ್ಷರನ್ನು ಮೇಲಿಂದ ಕೆಳಗೆ ನೋಡಿದರು. ಒಳ್ಳೆಯ ದಪ್ಪ ಮೈ.

“ನಿಮ್ದು ನೂರಮೂವತ್ತು ಇರಬಹುದು, ಸಾರ್. ಬಿಸಿ ಪಟ್ಟಿ ಬೇರೆ.”

“ಹಾಗೆ ಹೇಳು,” ಎಂದರು ಅಧ್ಯಕ್ಷರು. ಸುತ್ತಲೂ ಒಮ್ಮೆ ನೋಡಿ, “ಎಲ್ಲರಿಗಿಂತ ಹೆಚ್ಚು ತೊಂದರೆ ನನ್ನಿಂದಲೇ ಅಂದ ಮೇಲೆ ಮೊದಲು ಹೊರಡಬೇಕಾದವನು ನಾನೇ ಅಲ್ವಾ?” ಎಂದು ಎದೆ ಸೆಟೆಸಿಕೊಂಡು ನಡೆದರು. ಅಧ್ಯಕ್ಷರು ಹೋದ ಮೇಲೆ ಉಳಿದವರು ಇರುವುದುಂಟೇ? ಹಿರಿತನದ ಪ್ರಕಾರ ಒಬ್ಬೊಬ್ಬರೇ ಹೊರಟರು. ಕೊನೆಗೆ ಫೋಟೋದವನು ದೀಪ ಆರಿಸಿ ಹೋದ. ಎಲ್ಲರೂ ಹೊರಗೆ ಕಿಟಕಿಗೆ ಮೂಗು ಒತ್ತಿ ನಿಂತರು. ಅವರ ಉಸಿರಿಗೆ ಗಾಜು ಮಂಜಾಗಿ ಯಾರಿಗೂ ಏನೂ ಕಾಣಲಿಲ್ಲ.

ಕೆಂಪು ಗೆರೆ ಇಪ್ಪತ್ತಕ್ಕೆ ಇಳಿಯುವವರೆಗೆ ಉಷಿಯಾಮಾ-ಸಾನ್ ಮತ್ತು ಹಾಮಾ ಕಾದರು. ಆಮೇಲೆ ತುದಿ ಕೊರೆದರು. ನಾನು ಅದನ್ನು ಕಲ್ಲಿನ ಮೇಲೆ ಮಲಗಿಸಿದೆ, ಅಳೆದೆ, ನಂಬಿಕೆಯಾಗದೆ ಮತ್ತೊಮ್ಮೆ ಅಳೆದೆ.

“ಸರಿ ಇದೆ,” ಎಂದೆ. ಎಂದವಳೇ ಅತ್ತುಬಿಟ್ಟೆ. ಅಳತೆ ಕೋಣೆಯಲ್ಲಿ ಅಳಬಾರದು, ತೇವಾಂಶ ಹೆಚ್ಚುತ್ತದೆ. ಆದರೂ ಅತ್ತೆ.

ಒಪ್ಪಿಗೆಯ ಪತ್ರಕ್ಕೆ ಸಹಿಯ ಬದಲು ಎಲ್ಲರ ಹೆಸರಿನ ಮುದ್ರೆ ಬಿತ್ತು, ಕಿರಿಯರ ಮುದ್ರೆಗಳು ಪದ್ಧತಿಯಂತೆ, ನಮಸ್ಕರಿಸುವ ಹಾಗೆ, ಅಧ್ಯಕ್ಷರ ಮುದ್ರೆಯ ಕಡೆಗೆ ಬಾಗಿಕೊಂಡಿದ್ದವು. ಮೊದಲೆರಡು ಪರೀಕ್ಷೆ ಸೋತ ಕಾರಣದ ಜಾಗದಲ್ಲಿ ‘ಅಧ್ಯಕ್ಷರ ವಿಶೇಷ ಉಷ್ಣತೆ’ ಎಂದು ಬರೆದಿದ್ದರು. ಅಧ್ಯಕ್ಷರು ಅದನ್ನು ಗಾಲ್ಫ್ ಮೈದಾನದಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ, ತಾವು ಹೊರಗೆ ಹೆಜ್ಜೆಯಿಟ್ಟದ್ದರಿಂದಲೇ ಯಂತ್ರ ಪಾಸಾಯಿತು ಎಂದು. ಅದು ಸುಳ್ಳೂ ಅಲ್ಲ. ಅಜ್ಜನ ಫಲಕದ ಕೆಳಗೆ ಈಗ ಇನ್ನೊಂದು ಸಾಲು ಸೇರಿದೆ: ‘ಅಗತ್ಯವಿದ್ದಲ್ಲಿ ಹೊರಗಿನಿಂದ.’ ಕೋಣೆಯ ಉಷ್ಣತೆ ಕಾಯಲು ಒಂದು ಸಮಿತಿಯನ್ನೂ ಮಾಡಿದರು. ಅದರ ಮೊದಲ ಸಭೆಯನ್ನು ಆ ಕೋಣೆಯ ಒಳಗೇ ಕರೆದಿದ್ದರು. ಹಾಮಾ ಗೋದಾಮಿನ ಬೂಟು ತೊಟ್ಟು ಬಾಗಿಲಿಗೆ ಅಡ್ಡ ನಿಂತುಬಿಟ್ಟ. ಇನ್ನೊಬ್ಬನಿಗೂ ಧೈರ್ಯ ಬಂದಿತ್ತು ನೋಡಿ.

ಮಾರ್ಚ್ ಕೊನೆಯ ದಿನ ಉಷಿಯಾಮಾ-ಸಾನ್ ಮನೆಗೆ ಹೊರಡುವ ಮುನ್ನ ಯಂತ್ರವನ್ನೊಮ್ಮೆ ನೋಡಬೇಕೆಂದರು. ಬಾಯಿಬಿಟ್ಟು ಕೇಳಿದರು. ಅವರು ಬಾಗಿಲು ತೆರೆದದ್ದೇ ತಡ, ಇಡೀ ಕಾರ್ಖಾನೆ ಹೂಗುಚ್ಛ ಹಿಡಿದು ಹಿಂದೆಯೇ ಒಳಗೆ ನುಗ್ಗಿತು. ಫೋಟೋದವನು ದೀಪ ಹೊತ್ತಿಸಿದ. ಅಧ್ಯಕ್ಷರು ಭಾಷಣದ ಹಾಳೆ ಬಿಡಿಸಿದರು.

“ಎಲ್ಲರೂ ಹೊರಗೆ ಹೋಗ್ರಪ್ಪ,” ಎಂದರು ಉಷಿಯಾಮಾ-ಸಾನ್. ಈ ಸಲ ಬಗ್ಗಲೂ ಇಲ್ಲ. ನಗುತ್ತಿದ್ದರು.

ಎಲ್ಲರೂ ಘೊಳ್ಳೆಂದು ನಕ್ಕು ಹೊರಗೆ ಹೋದರು, ಎಲ್ಲರಿಗಿಂತ ಮುಂಚೆ ನೂರಮೂವತ್ತು ವಾಟಿನ ಅಧ್ಯಕ್ಷರು. ಒಳಗೆ ಅವರು, ಹಾಮಾ, ತುದಿಯನ್ನು ಅಳತೆಗೆ ಒಯ್ಯಲು ಬಂದಿದ್ದ ನಾನು, ಮೂವರೇ ಉಳಿದೆವು. ಯಂತ್ರ ಕಣ್ಣಿನ ಉಪಕರಣದ ತುದಿಯೊಂದನ್ನು ಕೊರೆಯುತ್ತಿತ್ತು. ಪುಟ್ಟ ಮೇಜು ವಾಲಿ, ತಿರುಗಿ, ಮತ್ತೆ ವಾಲುತ್ತಿತ್ತು. ಅವರು ಕೈಕಟ್ಟಿ ನಿಂತು ನೋಡುತ್ತಲೇ ಇದ್ದರು. ಎಷ್ಟು ಹೊತ್ತು ಬೇಕಾದರೂ ನೋಡಲಿ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಆದರೆ ಗೋಡೆಯ ಮೇಲಿನ ಕೆಂಪು ಗೆರೆ ಇಪ್ಪತ್ತು ದಾಟಿತ್ತು, ಇಳಿಯುತ್ತಿರಲಿಲ್ಲ. ಹಾಮಾ ಅದನ್ನು ನೋಡಿದ, ನನ್ನನ್ನು ನೋಡಿದ, ತಲೆ ತಗ್ಗಿಸಿದ.

“ಉಷಿಯಾಮಾ-ಸಾನ್, ಸ್ವಲ್ಪ...” ಎಂದೆ ನಾನು.

ಅವರು ತಾಪಮಾಪಕವನ್ನು ನೋಡಿದರು.

“ಅಯ್ಯೋ, ನಾನೂ ಒಂದು ಬಲ್ಬೇ ಅಲ್ವಾ?” ಎಂದರು. “ಕ್ಷಮಿಸಮ್ಮ.”

ಯಂತ್ರಕ್ಕೆ ಒಮ್ಮೆ ತಲೆಬಾಗಿ, ಹೂಗುಚ್ಛ ಎತ್ತಿಕೊಂಡು ಹೊರಗೆ ಹೋದರು. ಹೋಗುವಾಗ ಬಾಗಿಲನ್ನು ಮೆಲ್ಲಗೆ, ಸರಿಯಾಗಿ ಮುಚ್ಚಿದರು.